ಕಂಪ್ಯೂಟರ್ ಕೆಲಸದ ಹೆಗಲುನೋವು: ಶಾಖ, ಚೆಂಡು, ಬೆಲ್ಟ್, ಬ್ಯಾಂಡ್, ಮೌಸ್ – ಯಾವುದರಿಂದ ಎಷ್ಟು ಉಪಯೋಗ?

ಹೆಗಲುನೋವಿಗೆ ಉಪಾಯ ಹುಡುಕುವ ಮುನ್ನ ನೋವು ಎಲ್ಲಿದೆ ಎಂದು ಬೆರಳಿಟ್ಟು ನೋಡಿಕೊಳ್ಳಿ. ಕತ್ತಿನ ಬುಡದಿಂದ ಹೆಗಲ ತುದಿಯವರೆಗೆ ಬಿಗಿದುಕೊಂಡಿದ್ದರೆ ಅದು ಟ್ರಪೀಜಿಯಸ್ ಸ್ನಾಯುವಿನ ಮೇಲ್ಭಾಗ. ಭುಜದ ಹಲಗೆ ಮೂಳೆಯ ಒಳ ಅಂಚಿನಲ್ಲಿ ಸಣ್ಣಗೆ ಉರಿಯುತ್ತಿದ್ದರೆ ಅಲ್ಲಿನ ಸ್ನಾಯುಗಳು ದಿನವಿಡೀ ಎಳೆದುಕೊಂಡೇ ಇವೆ. ತೋಳನ್ನು ಪಕ್ಕಕ್ಕೆ ಎತ್ತುವಾಗ ಅರ್ಧ ದಾರಿಯಲ್ಲಿ ಚುಚ್ಚಿ, ಇನ್ನೂ ಮೇಲೆ ಹೋದಾಗ ಕಡಿಮೆಯಾದರೆ ತೊಂದರೆ ಭುಜದ ಕೀಲನ್ನು ಸುತ್ತುವರಿದ ಸ್ನಾಯುಗಳ ಗುಂಪಾದ ರೊಟೇಟರ್ ಕಫ್‌ನಲ್ಲಿರುವ ಸಾಧ್ಯತೆ ಹೆಚ್ಚು. ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಕೆರಳಿಸಬಹುದು.

ಕೆಲವು ನೋವುಗಳಿಗೆ ಮನೆಯ ಉಪಾಯ ಸಲ್ಲದು. ಹೆಗಲು, ಎಡಗೈ ಅಥವಾ ದವಡೆಯ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೈಬೆರಳು ಮರಗಟ್ಟುವುದು, ಹಿಡಿದ ವಸ್ತು ಜಾರುವುದು, ರಾತ್ರಿ ನಿದ್ದೆ ಕೆಡಿಸುವ ನೋವು ಇವಕ್ಕೂ ವೈದ್ಯರೇ ಬೇಕು. ಬೇರೆಯವರು ಹಿಡಿದು ತಿರುಗಿಸಿದರೂ ತೋಳು ಹೊರಕ್ಕೆ ತಿರುಗದಿದ್ದರೆ ಅದು ಭುಜದ ಕೀಲು ಗಡಸಾಗುವ ಫ್ರೋಜನ್ ಶೋಲ್ಡರ್ ಇರಬಹುದು. ಮಧುಮೇಹ ಇರುವವರಲ್ಲಿ ಇದು ಹೆಚ್ಚು.

ಶಾಖ, ಐಸ್, ಮುಲಾಮು

ಕೂತು ಕೂತು ಬಂದ ಬಿಗಿತಕ್ಕೆ ಶಾಖವೇ ಮೇಲು. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟರೆ ಸಾಕು. ಬರಿ ಚರ್ಮದ ಮೇಲೆ ಇಡುವುದು, ಇಟ್ಟುಕೊಂಡೇ ನಿದ್ದೆಹೋಗುವುದು ಎರಡೂ ಸುಟ್ಟ ಗಾಯಕ್ಕೆ ದಾರಿ. ಐಸ್ ಇರಬೇಕಾದದ್ದು ಉಳುಕಿದ, ಪೆಟ್ಟುಬಿದ್ದ ಮೊದಲ ಒಂದೆರಡು ದಿನಕ್ಕೆ. ಬಿಗಿದ ಸ್ನಾಯುವಿಗೆ ಐಸ್ ಇಟ್ಟರೆ ಹಲವರಿಗೆ ಬಿಗಿತ ಇನ್ನಷ್ಟು ಏರುತ್ತದೆ.

ಮೆಂಥಾಲ್ ಮುಲಾಮು ಚರ್ಮಕ್ಕೆ ತಂಪಿನ ಅನುಭವ ಕೊಟ್ಟು ನೋವನ್ನು ಮರೆಸುತ್ತದೆ, ಅಷ್ಟೇ. ಡೈಕ್ಲೊಫೆನಾಕ್ ಜೆಲ್ ನೋವು, ಉರಿಯೂತ ಇಳಿಸುವ ನಿಜವಾದ ಔಷಧಿ. ಆಸ್ಪಿರಿನ್‌ ಅಲರ್ಜಿ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹಚ್ಚಬಾರದು. ಯಾವುದನ್ನೇ ಹಚ್ಚಿದರೂ ಅದರ ಮೇಲೆ ಶಾಖ ಕೊಡಬೇಡಿ.

ಚೆಂಡು, ಮಸಾಜ್ ಗನ್, ಸ್ಟ್ರೆಚಿಂಗ್

ಹಲಗೆ ಮೂಳೆಯ ಅಂಚಿನ ಗಂಟಿಗೆ ಟೆನಿಸ್ ಚೆಂಡು, ಸ್ನಾಯುವನ್ನು ಬಡಿಬಡಿದು ಸಡಿಲಿಸುವ ಕೈಯಂತ್ರವಾದ ಮಸಾಜ್ ಗನ್‌ಗಿಂತ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅಲ್ಲಿಗೆ ಗನ್ ಹಿಡಿದ ನಮ್ಮದೇ ಕೈ ಸರಿಯಾಗಿ ಎಟಕುವುದಿಲ್ಲ. ಎಟಕಿಸಲು ಹೋದರೆ ಆ ಹೆಗಲೇ ಮತ್ತೆ ಬಿಗಿಯುತ್ತದೆ. ಚೆಂಡನ್ನು ಕಾಲುಚೀಲದೊಳಗೆ ಹಾಕಿ, ಅದರ ತುದಿಯನ್ನು ಹೆಗಲ ಮೇಲಿಂದ ಮುಂದಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿ. ಚೆಂಡು ಜಾರಿ ಬೀಳುವುದಿಲ್ಲ. ನೋಯುವ ಜಾಗದಲ್ಲಿ 30ರಿಂದ 60 ಸೆಕೆಂಡು ನಿಂತು, ಉಸಿರು ಬಿಡುತ್ತಾ ಭಾರ ಹಾಕಿ. ಉಸಿರು ಹಿಡಿಯುವಷ್ಟು ನೋವಾದರೆ ಒತ್ತಡ ಜಾಸ್ತಿಯಾಯಿತು. ಬೆನ್ನುಮೂಳೆಯ ಮೇಲೆ ಚೆಂಡು ಬೇಡ, ಕತ್ತಿನ ಮುಂಭಾಗ ಮತ್ತು ಪಕ್ಕಕ್ಕೆ ಗನ್ ಬೇಡವೇ ಬೇಡ: ಅಲ್ಲಿ ದೊಡ್ಡ ರಕ್ತನಾಳಗಳಿವೆ.

ಸ್ಟ್ರೆಚಿಂಗ್‌ನಲ್ಲಿ ಹೆಚ್ಚಿನವರು ಎಳೆಯುವುದೇ ತಪ್ಪು ಜಾಗವನ್ನು. ತೋಳುಗಳನ್ನು ಮುಂದಕ್ಕೆ ಚಾಚಿ ಬೆನ್ನು ಗೂನಿಸಿದರೆ ಆ ಕ್ಷಣಕ್ಕೆ ಹಾಯೆನಿಸಬಹುದು. ಆದರೆ ಎರಡು ಹಲಗೆಗಳ ನಡುವಿನ ಸ್ನಾಯು ಗೂನಿ ಕೂತಾಗಲೇ ಎಳೆದುಕೊಂಡಿರುತ್ತದೆ. ಅದಕ್ಕೆ ಬೇಕಿರುವುದು ಬಲ. ಎಳೆಯಬೇಕಾದದ್ದು ಎದೆಯ ಸ್ನಾಯು ಮತ್ತು ಕತ್ತಿನ ಹಿಂಬದಿ. ನೋವಿರುವ ಕಡೆಯ ಕೈಯಿಂದ ಕುರ್ಚಿಯ ತಳ ಹಿಡಿದು, ತಲೆಯನ್ನು 45 ಡಿಗ್ರಿ ಇನ್ನೊಂದು ಬದಿಗೆ ತಿರುಗಿಸಿ, ಆ ಬದಿಯ ಕಂಕುಳ ಕಡೆಗೆ ಗಲ್ಲ ಇಳಿಸಿ. ಇನ್ನೊಂದು ಕೈ ತಲೆಯ ಮೇಲೆ ಬರೀ ತನ್ನ ಭಾರ ಬಿಟ್ಟು ಕೂತಿರಲಿ, ಎಳೆಯಬಾರದು. 20ರಿಂದ 30 ಸೆಕೆಂಡು, 3 ಸಲ. ಬೆರಳುಗಳಲ್ಲಿ ಜುಮುಜುಮು ಬಂದರೆ ನರ ಎಳೆದುಕೊಂಡಿದೆ ಎಂದರ್ಥ, ಕೂಡಲೇ ಬಿಡಿ.

ಇಷ್ಟರಲ್ಲಿ ಯಾವುದರ ಹಿತವೂ ಮಾರನೆಯ ಮಧ್ಯಾಹ್ನ ದಾಟಿ ಉಳಿಯುವುದಿಲ್ಲ. ಉಳಿಸುವುದು ಮುಂದೆ ಬರುವ ಬ್ಯಾಂಡ್ ಮತ್ತು ಮೌಸ್.

ಪೋಶ್ಚರ್ ಬೆಲ್ಟ್ ಅಥವಾ ರಬ್ಬರ್ ಬ್ಯಾಂಡ್

ಬೆಲ್ಟ್ ಹಾಕಿದ ಕೂಡಲೇ ಹೆಗಲು ಹಿಂದಕ್ಕೆ ಬರುತ್ತದೆ, ನಿಜ. ಆದರೆ ಹೆಗಲನ್ನು ಹಿಡಿದಿಡುವ ಕೆಲಸ ಪಟ್ಟಿಯದಾಗುತ್ತದೆ, ಸ್ನಾಯುವಿನದಲ್ಲ. ತೆಗೆದ ಮೇಲೆ ಮತ್ತೆ ಅದೇ ಗೂನು. ಬಿಗಿಯಾಗಿ ಕಟ್ಟಿದರೆ ಕಂಕುಳಲ್ಲಿ ಒತ್ತಿ ಕೈ ಜೋಮು ಹಿಡಿಯುತ್ತದೆ. ನೆಟ್ಟಗೆ ಕೂರುವ ನೆನಪಿಗಾಗಿ 20–30 ನಿಮಿಷ ಹಾಕಿಕೊಳ್ಳಬಹುದು; ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ವ್ಯಾಯಾಮದ ಉದ್ದನೆಯ ರಬ್ಬರ್ ಪಟ್ಟಿಯಾದ ಬ್ಯಾಂಡಿನ ಪಕ್ಷ ನಾವು ಗಟ್ಟಿಯಾಗಿ ವಹಿಸುತ್ತೇವೆ. ಡೆನ್ಮಾರ್ಕ್‌ನ ಕಚೇರಿ ನೌಕರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ 5 ದಿನ, 10 ವಾರ ಬ್ಯಾಂಡ್ ಎಳೆದವರ ಕತ್ತು-ಹೆಗಲ ನೋವು ಇಳಿದಿತ್ತು. ದಿನಕ್ಕೆ 12 ನಿಮಿಷ ಮಾಡಿದವರಿಗೆ ಮಾತ್ರವಲ್ಲ, ಬರೀ 2 ನಿಮಿಷ ಮಾಡಿದವರಿಗೂ. ಅವರು ಮಾಡಿದ್ದು ಒಂದೇ ವ್ಯಾಯಾಮ: ಬ್ಯಾಂಡನ್ನು ಕಾಲಡಿ ಮೆಟ್ಟಿ, ಮೊಣಕೈ ತುಸು ಬಾಗಿಸಿ, ತೋಳುಗಳನ್ನು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಎತ್ತುವುದು. ಭುಜದ ಮಟ್ಟದಲ್ಲಿ ನಿಲ್ಲಿಸಿ. ಎತ್ತುವಾಗ ಚುಚ್ಚುವ ನೋವಿದ್ದವರು ಇದನ್ನು ಬಿಟ್ಟು ಕೆಳಗಿನದರಿಂದ ಶುರುಮಾಡಲಿ.

ಬ್ಯಾಂಡಿನ ನಡುವೆ ಗಂಟುಹಾಕಿ, ಗಂಟು ಬಾಗಿಲಿನ ಆಚೆ ಉಳಿಯುವಂತೆ ಹೊಕ್ಕುಳ ಎತ್ತರದಲ್ಲಿ ಸಿಕ್ಕಿಸಿ. ಬಾಗಿಲು ನಿಮ್ಮಿಂದ ಆಚೆಗೆ ತೆರೆಯುವಂಥದ್ದಿರಬೇಕು; ಆಗ ಎಳೆದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ಮೊಣಕೈ ಪಕ್ಕೆಗೆ ಸವರುವಂತೆ ಹಿಂದಕ್ಕೆ ಎಳೆದು 2 ಸೆಕೆಂಡು ತಡೆಯಿರಿ, 3 ಸೆಕೆಂಡಿನಲ್ಲಿ ನಿಧಾನವಾಗಿ ಬಿಡಿ. 12ರಿಂದ 15 ಸಲ, 2 ಸುತ್ತು. ಇಲ್ಲಿ ಕೆಡುವುದು ಒಂದೇ: ಎಳೆಯುವಾಗ ಹೆಗಲು ಕಿವಿಯ ಕಡೆ ಏರುತ್ತದೆ, ದಣಿದಿರುವ ಮೇಲಿನ ಸ್ನಾಯುವೇ ಮತ್ತೆ ದುಡಿಯುತ್ತದೆ. ಏರುತ್ತಿದ್ದರೆ ಹಗುರ ಬ್ಯಾಂಡಿಗೆ ಇಳಿಯಿರಿ. 15 ಸಲ ಸಲೀಸಾದ ಮೇಲೆ ಗಟ್ಟಿ ಬ್ಯಾಂಡ್. ಮೊದಮೊದಲು ತುಸು ಮೈನೋವು ಸಹಜ; ಕೆಲವು ದಿನ ಕಳೆದರೂ ಹೋಗದಿದ್ದರೆ ಸುತ್ತು ಕಡಿಮೆ ಮಾಡಿ.

ಕುರ್ಚಿಗಿಂತ ಮೊದಲು ಮೌಸ್

ಜನ ಹಣ ಹಾಕುವುದು ಕುರ್ಚಿಗೆ. ಬಲ ಹೆಗಲು ಮಾತ್ರ ನೋಯುತ್ತಿದ್ದರೆ ಮೊದಲು ನೋಡಬೇಕಾದದ್ದು ಮೌಸ್ ಎಷ್ಟು ದೂರವಿದೆ ಎಂದು. ಸಂಖ್ಯೆಗಳ ಭಾಗವಿರುವ ಪೂರ್ತಿ ಕೀಬೋರ್ಡ್‌ನಲ್ಲಿ ಅಕ್ಷರಗಳನ್ನು ಮೈಗೆ ನೇರವಾಗಿ ಇಟ್ಟರೆ, ಆ ಸಂಖ್ಯೆಗಳು ಮೌಸನ್ನು ಒಂದು ಅಂಗೈ ಅಗಲ ಆಚೆ ತಳ್ಳುತ್ತವೆ. ತೋಳು ಗಂಟೆಗಟ್ಟಲೆ ಮೈಯಿಂದ ಹೊರಗೆ ಚಾಚಿಕೊಂಡು, ಅದರ ಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ.

ಇದಕ್ಕೆ ಮೂರು ದಾರಿ. ಕೈಕುಲುಕುವ ಭಂಗಿಯಲ್ಲಿ ಹಿಡಿಯುವ ವರ್ಟಿಕಲ್ ಮೌಸ್ ಮುಂಗೈ ತಿರುಚುವುದನ್ನು ತಪ್ಪಿಸಿ ಮಣಿಕಟ್ಟಿಗೆ ಹಿತ ಕೊಡುತ್ತದೆ, ಆದರೆ ಅದೇ ದೂರದಲ್ಲಿಟ್ಟರೆ ಹೆಗಲಿಗೆ ಹೆಚ್ಚೇನೂ ಸಿಗದು. ಸಂಖ್ಯೆಗಳಿಲ್ಲದ ಚಿಕ್ಕ ಕೀಬೋರ್ಡ್ ನೇರ ಪರಿಹಾರ. ಖರ್ಚೇ ಇಲ್ಲದ್ದು ಮೌಸನ್ನು ಎಡಗೈಗೆ ಬದಲಿಸುವುದು: ಆ ಬದಿಯಲ್ಲಿ ಸಂಖ್ಯೆಗಳಿಲ್ಲದ್ದರಿಂದ ಮೌಸ್ ತಾನಾಗಿ ಹತ್ತಿರವಾಗುತ್ತದೆ. ಕೆಲವು ದಿನ ಕೈ ತಡವರಿಸುತ್ತದೆ, ಆಮೇಲೆ ಒಗ್ಗುತ್ತದೆ. ಅಂಕಿಗಳನ್ನೇ ದಿನವಿಡೀ ತುಂಬುವವರಿಗೆ ಇದೇ ಸರಿ.

ಕುರ್ಚಿಯಲ್ಲಿ ಮುಖ್ಯವಾದದ್ದು ಕೈಯಾನಿಕೆ. ತೋಳು ಸಡಿಲ ಬಿಟ್ಟು ಮೊಣಕೈಯನ್ನು 90 ಡಿಗ್ರಿ ಮಡಿಸಿ. ಆನಿಕೆ ಅದನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಎತ್ತರವಾದರೆ ಹೆಗಲು ದಿನವಿಡೀ ಎತ್ತಿಕೊಂಡಿರುತ್ತದೆ, ತಗ್ಗಾದರೆ ಮೈ ಒಂದು ಬದಿಗೆ ವಾಲುತ್ತದೆ. ಆನಿಕೆ ಮೇಜಿಗೆ ತಾಗಿ ನಿಮ್ಮನ್ನು ದೂರ ಇಡುತ್ತಿದ್ದರೆ ಅದನ್ನು ಬಿಚ್ಚಿಟ್ಟುಬಿಡುವುದೇ ವಾಸಿ. ಮೇಜು ಎತ್ತರವಾಗಿದ್ದರೆ ಕುರ್ಚಿ ಏರಿಸಿ, ಕಾಲಡಿಗೆ ಏನಾದರೂ ಇಟ್ಟುಕೊಳ್ಳಿ. ಬರೀ ಲ್ಯಾಪ್‌ಟಾಪ್ ಬಳಸುವವರಿಗೆ ಪರದೆ ಮತ್ತು ಕೀಲಿಗಳು ಒಟ್ಟಿಗೆ ಸರಿಯಾದ ಎತ್ತರಕ್ಕೆ ಬರುವುದು ಸಾಧ್ಯವೇ ಇಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪನ್ನು ಎತ್ತರಿಸಿ, ಕೀಬೋರ್ಡ್ ಮತ್ತು ಮೌಸ್ ಬೇರೆಯೇ ಇಟ್ಟುಕೊಳ್ಳಿ.