ಮುಧೋಳ ನಾಯಿಗೆ ಮೂರು ಪಟ್ಟಿಯ ಹಾರ್ನೆಸ್: ಎರಡು ವರ್ಷ ಗುಡ್ಡ ಹತ್ತಿಸಿದ ಮೇಲೆ

ಮುಧೋಳ ನಾಯಿಯ ಕುತ್ತಿಗೆಗೂ ತಲೆಗೂ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಈ ಹಾರ್ನೆಸ್ (ಕೊರಳ ಬದಲು ಎದೆ, ಬೆನ್ನು ಸುತ್ತಿ ಬಿಗಿಯುವ ಪಟ್ಟಿಗಳ ಜೋಡಣೆ) ತೊಡುವ 24 ಕಿಲೋದ ಗಂಡು ನಾಯಿಯ ಕುತ್ತಿಗೆ 37 ಸೆಂ.ಮೀ., ಕಿವಿಯ ಮುಂದಿನ ತಲೆಯ ಸುತ್ತಳತೆ 38. ಕೊರಳಪಟ್ಟಿ ಹಾಕಿ ಗುಡ್ಡಕ್ಕೆ ಒಯ್ದರೆ ನಿಲ್ಲುವುದಿಲ್ಲ. ಸಾಮಾನ್ಯ ಎರಡು ಪಟ್ಟಿಯ ಹಾರ್ನೆಸ್ಸೂ ಅಷ್ಟೇ: ನಾಯಿ ಹಿಂದಕ್ಕೆ ಜಗ್ಗಿ ಮುಂಗಾಲು ಮಡಚಿದರೆ ಹಾರ್ನೆಸ್ ನಮ್ಮ ಕೈಯಲ್ಲಿ, ನಾಯಿ ಮೊಲದ ಹಿಂದೆ.

ಮೂರನೇ ಪಟ್ಟಿಯ ಉಪಯೋಗ ಇಲ್ಲಿದೆ. ಎದೆ 71 ಸೆಂ.ಮೀ., ಸೊಂಟ 49. ಪಕ್ಕೆಲುಬು ಮುಗಿದ ಕೂಡಲೇ ಬರುವ ಆ ಪಟ್ಟಿ 51ಕ್ಕೆ ಬಿಗಿದಿದ್ದರೆ, ನಾಯಿ ಎಷ್ಟೇ ಹಿಂದಕ್ಕೆ ಜಗ್ಗಲಿ, ಅದು 71ರ ಎದೆಯನ್ನು ದಾಟಿ ಮುಂದೆ ಬರಲಾರದು. ಎರಡು ವರ್ಷದಲ್ಲಿ ಒಮ್ಮೆಯೂ ಕಳಚಿಲ್ಲ. ಕೊಂಡಿದ್ದೇ ಅದಕ್ಕಾಗಿ. ಉಳಿದ ವಿಷಯಗಳಲ್ಲಿ ದೂರುಗಳಿವೆ.

ಮಾಲು ಹೀಗಿದೆ: ಎದೆಗೆ ವೈ ಆಕಾರದ ಪಟ್ಟಿ, 25 ಮಿ.ಮೀ. ಅಗಲದ ನೈಲಾನ್, ನಾಲ್ಕು ಪ್ಲಾಸ್ಟಿಕ್ ಬಕ್ಕಲ್, ಬೆನ್ನ ಮೇಲೆ ಹಿಡಿಕೆ, ಹಗ್ಗ ಸಿಕ್ಕಿಸಲು ಬೆನ್ನಿಗೊಂದು ಎದೆಗೊಂದು ಬಳೆ. ತೂಕ 410 ಗ್ರಾಂ, ಕೊಟ್ಟಿದ್ದು 2,600 ರೂಪಾಯಿ. ಇದೇ ಹೊಲಿಗೆಯ ಮಾಲು ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ, ಆದ್ದರಿಂದ ಕಂಪನಿ ನೋಡುವುದಕ್ಕಿಂತ ಅಳತೆ ನೋಡಿ.

ಅಳತೆಯದ್ದೇ ಮೊದಲ ತಕರಾರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಇದು, ಆದರೂ ಸೈಜ್ ಚಾರ್ಟಿನಲ್ಲಿ ಲ್ಯಾಬ್ರಡಾರ್ ಇದೆ, ಜರ್ಮನ್ ಶೆಫರ್ಡ್ ಇದೆ, ಮುಧೋಳ ಇಲ್ಲ. ಎದೆಯ ಅಳತೆ ಹಿಡಿದು ಮೀಡಿಯಂ ತರಿಸಿದರೆ ಮೊದಲೆರಡು ಪಟ್ಟಿ ಸರಿಯಾಗಿ ಕೂರುತ್ತವೆ. ಮೂರನೆಯದನ್ನು ಪೂರ್ತಿ ಎಳೆದರೂ 55ಕ್ಕಿಂತ ಕೆಳಗೆ ಬರುವುದಿಲ್ಲ, ಲ್ಯಾಬ್ರಡಾರಿನ ದಪ್ಪ ಸೊಂಟಕ್ಕೆ ಮಾಡಿದ್ದು. ಹಾಗಾಗಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮೂರನೇ ಪಟ್ಟಿ ಎಷ್ಟು ಚಿಕ್ಕದಾಗುತ್ತದೆ? ತರಿಸಿಯಾಗಿದ್ದರೆ ಸ್ಕೂಲ್ ಬ್ಯಾಗ್ ರಿಪೇರಿಯವರ ಹತ್ತಿರ ಒಯ್ದು 6 ಸೆಂ.ಮೀ. ಮಡಚಿ ಹೊಲಿಸಿ. ಚೌಕ ಹಾಕಿ ಅದರೊಳಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಂತೆ ಹೊಲಿಗೆ ಬರಬೇಕು. ದಾರ ನೈಲಾನಿನದೇ ಇರಲಿ, ಹತ್ತಿಯ ದಾರ ಮಳೆಗಾಲ ದಾಟುವುದಿಲ್ಲ.

ತೊಡಿಸುವಾಗ ನಾಯಿ ನಿಂತಿರಲಿ. ಎರಡನೇ ಪಟ್ಟಿ ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರಬೇಕು, ಮುಂದೆ ಸರಿದರೆ ಬಗಲು ಕೆತ್ತುತ್ತದೆ. ಎಲ್ಲ ಪಟ್ಟಿಯ ಕೆಳಗೂ ಎರಡು ಬೆರಳು ಚಪ್ಪಟೆಯಾಗಿ ಹೋಗಬೇಕು, ಮೂರನೇ ಬೆರಳು ಹೋಗಬಾರದು. ಗಂಡು ನಾಯಿಯಾದರೆ ಮೂರನೇ ಪಟ್ಟಿ ಮೂತ್ರದ ಜಾಗದಿಂದ ದೂರ ಇದೆಯೇ ನೋಡಿ, ಇಲ್ಲದಿದ್ದರೆ ದಿನವಿಡೀ ಒದ್ದೆ. ಕೊನೆಗೆ ನಾಯಿಯ ಎದುರು ನಿಂತು ಹಗ್ಗವನ್ನು ಅದರ ತಲೆಯ ಎತ್ತರದಲ್ಲಿ ಮೆಲ್ಲಗೆ ಎಳೆಯಿರಿ. ಕಳಚುವುದಿದ್ದರೆ ಅಂಗಳದಲ್ಲೇ ಕಳಚಲಿ.

ಮಳೆಗಾಲದಲ್ಲಿ ಈ ಹಾರ್ನೆಸ್ಸಿನ ಬಣ್ಣ ಬಯಲಾಗುತ್ತದೆ. ಬೆಳಗಾವಿ ಜಿಲ್ಲೆಯ ಜಾಂಬೋಟಿ, ಕಣಕುಂಬಿ ಕಡೆ ಜುಲೈನಲ್ಲಿ ಒಂದು ಸಲ ನೆಂದರೆ ಎದೆಯ ಸ್ಪಂಜು ಮರುದಿನಕ್ಕೂ ಒಣಗುವುದಿಲ್ಲ. ಮುಧೋಳದ ಚರ್ಮ ತೆಳು, ಕೂದಲು ಗಿಡ್ಡ. ಒದ್ದೆ ಸ್ಪಂಜು ತಿಕ್ಕಿ ತಿಕ್ಕಿ ಎರಡನೇ ದಿನಕ್ಕೆ ಬಗಲಲ್ಲಿ ಕೆಂಪು, ಮೂರನೇ ದಿನಕ್ಕೆ ಬೋಳು. ರಾತ್ರಿ ಟೆಂಟಿನೊಳಗೆ ಹಾರ್ನೆಸ್ ಬಿಚ್ಚಲೇಬೇಕು, ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ತೂಗುಹಾಕಬೇಕು. ನೈಲಾನ್ ನೆಂದಾಗ ಸ್ವಲ್ಪ ಹಿಗ್ಗಿ ಅಳತೆಯ ಬಕ್ಕಲಿನಲ್ಲಿ ಜಾರುತ್ತದೆ ಕೂಡ. ಸೈಕಲ್ ಟ್ಯೂಬಿನಿಂದ ಒಂದು ಬೆರಳಗಲದ ಉಂಗುರ ಕತ್ತರಿಸಿ, ಪಟ್ಟಿಯ ಉಳಿದ ತುದಿಯನ್ನು ಅದರಲ್ಲಿ ಸಿಕ್ಕಿಸಿದರೆ ಜಾರುವುದು ನಿಲ್ಲುತ್ತದೆ. ಕಂಪನಿಯವರು ಕೊಟ್ಟ ಎಲಾಸ್ಟಿಕ್ ಮೊದಲ ವರ್ಷವೇ ಸಡಿಲವಾಯಿತು.

ಕೆಂಪು ಜಂಬಿಟ್ಟಿಗೆ ಮಣ್ಣು ಬಕ್ಕಲಿನೊಳಗೆ ಕೂತು ಗಟ್ಟಿಯಾದರೆ ಪೂರ್ತಿ ಮುಚ್ಚಿದಂತೆ ಕಾಣುತ್ತದೆ, ಮುಚ್ಚಿರುವುದಿಲ್ಲ. 'ಟಕ್' ಸದ್ದು ಕೇಳಿಸಬೇಕು. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಎಣ್ಣೆ ಹಚ್ಚಬೇಡಿ, ಧೂಳು ಇನ್ನೂ ಅಂಟುತ್ತದೆ. ನಾಲ್ಕರಲ್ಲಿ ಒಂದು ಬಕ್ಕಲ್ ಹದಿನಾಲ್ಕನೇ ತಿಂಗಳಿಗೆ ಸೀಳಿತು. ಬ್ಯಾಗಿನ ಅಂಗಡಿಯಲ್ಲಿ ಅದೇ 25 ಮಿ.ಮೀ. ಬಕ್ಕಲ್ ಸಿಗುತ್ತದೆ.

ಹಿಡಿಕೆಯ ಬಗ್ಗೆ ಜಾಹೀರಾತನ್ನು ನಂಬಬೇಡಿ. ಎತ್ತರದ ಮೆಟ್ಟಿಲು, ಬಂಡೆ ಹತ್ತುವಾಗ ಒಂದು ಕೈ ಆಸರೆ ಕೊಡಲು ಬಹಳ ಚೆನ್ನಾಗಿದೆ. ನಾಯಿಯನ್ನು ಚೀಲದಂತೆ ನೇತಾಡಿಸಿ ಒಯ್ಯಲು ಅಲ್ಲ: ಭಾರವೆಲ್ಲ ಮೂರನೇ ಪಟ್ಟಿಯ ಮೂಲಕ ಮೆತ್ತನೆಯ ಹೊಟ್ಟೆಯ ಮೇಲೆ ಬೀಳುತ್ತದೆ. ಎತ್ತಲೇಬೇಕಾದರೆ ಇನ್ನೊಂದು ಕೈ ಎದೆಯ ಕೆಳಗಿರಲಿ.

ಎದೆಯ ಬಳೆಗೆ ಉದ್ದ ಹಗ್ಗ ಕಟ್ಟುವುದು ಅಪಾಯ. ಈ ನಾಯಿ ನಿಂತಲ್ಲಿಂದ ನೆಗೆದು ಓಡುತ್ತದೆ, ಐದು ಮೀಟರಿನ ಹಗ್ಗ ಮುಗಿದಾಗ ಬೀಳುವ ಜಗ್ಗಿಗೆ ಮುಂಭಾಗ ತಿರುಚಿ ಭುಜಕ್ಕೆ ಪೆಟ್ಟು. ಉದ್ದ ಹಗ್ಗವಾದರೆ ಬೆನ್ನಿನ ಬಳೆಗೆ, ಎದೆಯ ಬಳೆಗೆ ಎರಡು ಮೀಟರು ಸಾಕು. ಭೀಮಗಡ ಅಭಯಾರಣ್ಯದೊಳಗೆ, ಬಾದಾಮಿಯ ಗುಹೆಗಳ ಆವರಣದೊಳಗೆ ಸಾಕುನಾಯಿ ಒಯ್ಯುವಂತಿಲ್ಲ, ಹಗ್ಗ ಎಷ್ಟೇ ಗಟ್ಟಿ ಇರಲಿ.

ಬಾದಾಮಿ ಸುತ್ತಿನ ಮರಳುಗಲ್ಲಿನ ಮೇಲೆ ಬೇಸಿಗೆಯಲ್ಲಿ ಹಾರ್ನೆಸ್ ಬೇರೆಯೇ ತೊಂದರೆ ಕೊಡುತ್ತದೆ. ನಮ್ಮದು ಕಪ್ಪು ಬಣ್ಣದ್ದು, ಬೆನ್ನಿನ ಫಲಕ ಕಾದು ಕೂರುತ್ತದೆ. ತಿಳಿ ಬಣ್ಣದ್ದು ಕೊಳ್ಳಬೇಕಿತ್ತು. ಕಲ್ಲಿನ ಮೇಲೆ ಅಂಗೈಯ ಹಿಂಬದಿ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು, ಮಾರ್ಚ್ ನಂತರ ಬೆಳಿಗ್ಗೆ ಒಂಬತ್ತಕ್ಕೆ ಇಳಿದುಬಿಡಿ. ಈ ತೂಕದ ನಾಯಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಹೊರಬೇಕು, ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಎದೆ ಆಳವಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯವಿದೆ, ಹತ್ತುವ ಮೊದಲು ಹೊಟ್ಟೆ ತುಂಬ ರೊಟ್ಟಿ ಹಾಕಬೇಡಿ.

ಬಿಚ್ಚಿದಾಗಲೆಲ್ಲ ಪಟ್ಟಿಯ ಅಡಿಯಲ್ಲಿ ಉಣ್ಣಿ ಹುಡುಕಿ. ಖಾನಾಪುರದ ಹುಲ್ಲಿನಲ್ಲಿ ನಡೆದರೆ ಬಗಲು, ಎದೆಯ ಸ್ಪಂಜಿನ ಅಂಚು, ಬೆರಳ ಸಂದು, ಕಿವಿಯೊಳಗೆ ಖಂಡಿತ ಇರುತ್ತವೆ. ಚಳಿಗೆ ಈ ಕಂಪನಿ ಇದರ ಮೇಲೆ ಹಾಕುವ ಜಾಕೆಟ್ ಮಾರುತ್ತದೆ, ಇನ್ನೊಂದು 1,900. ಡಿಸೆಂಬರಿನ ಕ್ಯಾಂಪಿಗೆ ಕೆಳಗೆ ಒಂದು ಫೋಮ್ ಚಾಪೆ, ಮೇಲೆ ಕುರಿ ಕಂಬಳಿ ಹೊದಿಸಿದರೆ ಆಯಿತು, ಕಂಬಳಿ ನೆಂದರೂ ಬೆಚ್ಚಗಿರುತ್ತದೆ.

ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದಲೋ ಊರಿನವರಿಂದಲೋ ಮರಿ ತಂದ ವಾರಕ್ಕೇ ಇದನ್ನು ತರಿಸಬೇಡಿ. ಎದೆ ಆಳವಾಗುವುದು ತಡ, ವರ್ಷ ತುಂಬುವವರೆಗೂ ಅಳತೆ ಬದಲಾಗುತ್ತಲೇ ಇರುತ್ತದೆ. ಅಲ್ಲಿಯವರೆಗೆ ಎಳೆದಾಗ ಮಿತಿಯಷ್ಟೇ ಬಿಗಿಯುವ ಅಗಲ ಕೊರಳಪಟ್ಟಿ ಸಾಕು, ಗುಡ್ಡ ಹೇಗೂ ಆಮೇಲಿನ ಮಾತು.