ಸಿಂಕ್‌ಥಿಂಗ್: ನೋಟ್ಸ್ ತಲುಪಿಸುವುದರಲ್ಲಿ ಗಟ್ಟಿ, ಬೆಸೆಯುವುದರಲ್ಲಿ ಸೊನ್ನೆ

ಅಬ್ಸಿಡಿಯನ್ ಎಂಬ ಆ್ಯಪಿನಲ್ಲಿ ಬರೆದ ನೋಟ್ಸ್ ಲ್ಯಾಪ್‌ಟಾಪಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಒಂದೇ ರೀತಿ ಇರಬೇಕು, ಅದಕ್ಕೆ ತಿಂಗಳು ತಿಂಗಳು ಕಾಸು ಕಟ್ಟಬಾರದು, ಯಾರ ಸರ್ವರಿನಲ್ಲೂ ಇಡಬಾರದು ಎನ್ನುವವರಿಗೆ, ಸಾಧನಗಳ ನಡುವೆ ಫೈಲ್‌ಗಳನ್ನು ಸಿಂಕ್ ಮಾಡುವ (ಎಲ್ಲ ಕಡೆ ಒಂದೇ ರೀತಿ ಇಡುವ) ಸಿಂಕ್‌ಥಿಂಗ್ ಒಳ್ಳೆಯ ಆಯ್ಕೆ. ಆದರೆ ಇನ್‌ಸ್ಟಾಲ್ ಮಾಡಿ ಮರೆತುಬಿಡುವಂಥದ್ದಲ್ಲ. ಇದು ಅಂಚೆಯವನ ಕೆಲಸ ಮಾಡುತ್ತದೆ: ಲಕೋಟೆ ತಲುಪಿಸುತ್ತದೆ, ಒಳಗಿನ ಒಕ್ಕಣೆ ಓದುವುದಿಲ್ಲ. ಒಂದೇ ನೋಟನ್ನು ಎರಡು ಕಡೆ ತಿದ್ದಿದರೆ ಎರಡನ್ನೂ ಬೆಸೆದು ಒಂದು ಮಾಡಲು ಇದಕ್ಕೆ ಬರುವುದಿಲ್ಲ. ಇದರ ಮೇಲಿನ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಂದಲೇ.

2013ರಲ್ಲಿ ಶುರುವಾದ ಓಪನ್ ಸೋರ್ಸ್ ಯೋಜನೆ ಇದು. ನಡುವೆ ಕ್ಲೌಡ್ ಇಲ್ಲ. ಸಾಧನಗಳು ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ಹಾಗಾಗಿ ಎರಡೂ ಒಂದೇ ಹೊತ್ತಿಗೆ ಎಚ್ಚರವಿರಬೇಕು. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿ, ಬೆಳಿಗ್ಗೆ ಹೊರಗೆ ಹೋಗಿ ಫೋನ್ ತೆರೆದರೆ ನಿನ್ನೆಯ ಬರಹ ಅಲ್ಲಿರುವುದಿಲ್ಲ. ಅದು ದೋಷವಲ್ಲ, ಅದರ ರಚನೆಯೇ ಹಾಗೆ. ಹಳೆಯ ಕಂಪ್ಯೂಟರೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೋ ಒಂದು ಸದಾ ಚಾಲೂ ಇದ್ದು, ಮೂರನೆಯ ಸಾಧನವಾಗಿ ಸೇರಿಕೊಂಡರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಜೋಡಿಸುವಾಗ ಆಗುವ ತಪ್ಪು ಬಹುತೇಕ ಒಂದೇ. ಲ್ಯಾಪ್‌ಟಾಪಿನಲ್ಲಿ ವಾಲ್ಟ್ (ಅಬ್ಸಿಡಿಯನ್ ನೋಟ್ಸ್ ಇರುವ) ಫೋಲ್ಡರ್ ಸೇರಿಸುತ್ತಾರೆ, ಫೋನಿನಲ್ಲೂ ಕೈಯಾರೆ ಹೊಸ ಫೋಲ್ಡರ್ ಸೇರಿಸುತ್ತಾರೆ, ಎರಡೂ ಸುಮ್ಮನೆ ಕೂತಿರುತ್ತವೆ. ಫೋಲ್ಡರಿನ ಹೆಸರು ಒಂದೇ ಇದ್ದರೆ ಸಾಲದು, ಸಿಂಕ್‌ಥಿಂಗ್ ಗುರುತಿಸಲು ಬಳಸುವ ಫೋಲ್ಡರ್ ಐಡಿ ಒಂದೇ ಇರಬೇಕು. ಮೊದಲು ವಾಲ್ಟಿನ ಒಂದು ನಕಲನ್ನು ಬೇರೆಡೆ ತೆಗೆದಿಡಿ. ಆಮೇಲೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸಾಧನ ಸೇರಿಸಿ, ಲ್ಯಾಪ್‌ಟಾಪಿನಿಂದ ಫೋಲ್ಡರ್ ಹಂಚಿ, ಫೋನಿನಲ್ಲಿ ಬರುವ ಕೋರಿಕೆಯನ್ನು ಒಪ್ಪಿಕೊಂಡು ಖಾಲಿ ಫೋಲ್ಡರೊಂದನ್ನು ತೋರಿಸಿ. ಅಬ್ಸಿಡಿಯನ್ನಿನಲ್ಲಿ ಆ ವಾಲ್ಟ್ 'ಡಿವೈಸ್ ಸ್ಟೋರೇಜ್'ನಲ್ಲಿರಲಿ. 'ಆ್ಯಪ್ ಸ್ಟೋರೇಜ್' ಆರಿಸಿದರೆ ಬೇರೆ ಆ್ಯಪ್ ಅಲ್ಲಿಗೆ ಕೈ ಹಾಕಲಾಗದು. ಅದೇ ವಾಲ್ಟ್ ಈಗಾಗಲೇ ಐಕ್ಲೌಡ್ ಅಥವಾ ಒನ್‌ಡ್ರೈವ್ ಫೋಲ್ಡರಿನಲ್ಲಿದ್ದರೆ ಮೊದಲು ಹೊರಗೆ ತನ್ನಿ. ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ: ಒಂದು ಸೇವೆ ಅಳಿಸಿದ್ದನ್ನು ಇನ್ನೊಂದು ಮರಳಿ ತಂದು ಹಾಕುತ್ತದೆ.

ಈಗ ಕಾನ್‌ಫ್ಲಿಕ್ಟ್ ಫೈಲ್‌ಗಳ, ಅಂದರೆ ಎರಡು ಕಡೆಯ ತಿದ್ದುಪಡಿ ಡಿಕ್ಕಿಯಾದಾಗ ಹುಟ್ಟುವ ಫೈಲ್‌ಗಳ ಕಥೆ. ಒಂದು ದಿನ ನೋಟಿನ ಪಕ್ಕದಲ್ಲೇ 'ಸಿಂಕ್-ಕಾನ್‌ಫ್ಲಿಕ್ಟ್' ಎಂಬ ಬಾಲ ಹೊತ್ತ ಇನ್ನೊಂದು ನೋಟ್ ಕಾಣಿಸಿಕೊಳ್ಳುತ್ತದೆ. ಬಾಲದಲ್ಲಿ ತಾರೀಕು, ಸಮಯ, ಕೊನೆಯಲ್ಲಿ 7 ಅಕ್ಷರ. ಆ 7 ಅಕ್ಷರ ಯಾವ ಸಾಧನದಲ್ಲಿ ತಿದ್ದಿದ್ದು ಎಂಬುದರ ಗುರುತು, ಸಾಧನದ ಐಡಿಯ ಮೊದಲ ತುಂಡು. ನಿಯಮ ಸರಳ: ಮಾರ್ಪಾಡಿನ ಸಮಯ ಹಳೆಯದಿರುವ ಪ್ರತಿಗೆ ಬಾಲ ಅಂಟುತ್ತದೆ, ಹೊಸದು ಮೂಲ ಹೆಸರಿನಲ್ಲೇ ಉಳಿಯುತ್ತದೆ. ಅಂದರೆ ಏನೂ ಕಳೆದುಹೋಗಿರುವುದಿಲ್ಲ, ಗಾಬರಿಯಿಂದ ಬಾಲದ ಫೈಲನ್ನು ಅಳಿಸಿದರೆ ಮಾತ್ರ ಕಳೆದುಕೊಳ್ಳುತ್ತೀರಿ. ಅಬ್ಸಿಡಿಯನ್ ಹುಡುಕಾಟದಲ್ಲಿ ಆ ಪದ ಹಾಕಿ ಎಲ್ಲವನ್ನೂ ಒಟ್ಟಿಗೆ ತೆಗೆಯಿರಿ, ಒಂದೊಂದನ್ನೂ ಮೂಲದ ಪಕ್ಕದಲ್ಲಿಟ್ಟು ಓದಿ, ಬೇಕಾದ ಸಾಲುಗಳನ್ನು ಮೂಲಕ್ಕೆ ಹಾಕಿ, ಆಮೇಲೆ ಅಳಿಸಿ. ಈ ಕೆಲಸ ಒಂದೇ ಸಾಧನದಲ್ಲಿ ಮಾಡಿ. ಬಾಲದ ಫೈಲ್‌ಗಳೂ ಮಾಮೂಲಿ ಫೈಲ್‌ಗಳಂತೆ ಎಲ್ಲ ಕಡೆ ಹರಡಿರುತ್ತವೆ. ಒಂದು ಫೈಲಿಗೆ ಇಂಥ ಪ್ರತಿ 10ರವರೆಗೆ ಇಡುವುದು ಮೂಲ ಸೆಟ್ಟಿಂಗ್. ಕಿರಿಕಿರಿ ಎಂದು ಅದನ್ನು 0 ಮಾಡಿಡುವವರಿದ್ದಾರೆ. ದಯವಿಟ್ಟು ಬೇಡ, ಆಗ ಸೋತ ಪ್ರತಿ ಸದ್ದಿಲ್ಲದೆ ಮಾಯವಾಗುತ್ತದೆ.

ಇವು ಹುಟ್ಟುವುದೇಕೆ? ಟೈಪ್ ಮಾಡುವುದು ನಿಂತ ಒಂದೆರಡು ಸೆಕೆಂಡಿನಲ್ಲಿ ಅಬ್ಸಿಡಿಯನ್ ಫೈಲ್ ಉಳಿಸುತ್ತದೆ. ಸಿಂಕ್‌ಥಿಂಗ್ ಬದಲಾವಣೆಗಳನ್ನು 10 ಸೆಕೆಂಡು ಕೂಡಿಹಾಕಿ ಆಮೇಲೆ ಕಳಿಸುತ್ತದೆ. ಡಿಲೀಟ್ ಆಗಿದ್ದರೆ ಒಂದು ನಿಮಿಷ ಕಾಯುತ್ತದೆ. ಈ ನಡುವೆ ಇನ್ನೊಂದು ಸಾಧನದಲ್ಲಿ ಅದೇ ನೋಟನ್ನು ಮುಟ್ಟಿದರೆ ಡಿಕ್ಕಿ. ಕೈಯಿಂದ ಮುಟ್ಟದೆಯೂ ಡಿಕ್ಕಿಯಾಗುತ್ತದೆ. ದಿನದ ನೋಟನ್ನು ಆ್ಯಪ್ ತೆರೆದ ಕೂಡಲೇ ತಾನಾಗಿ ತೆರೆಯುವ ಆಯ್ಕೆ ಎರಡೂ ಕಡೆ ಆನ್ ಇದ್ದರೆ, ಟೆಂಪ್ಲೇಟಿನಿಂದ ಎರಡು ಪ್ರತ್ಯೇಕ ಫೈಲ್ ಹುಟ್ಟಿ ಬೆಳಿಗ್ಗೆ ಬೆಳಿಗ್ಗೆಯೇ ಜಗಳ. ಫೋನಿನಲ್ಲಿ ಅದನ್ನು ಆಫ್ ಮಾಡಿ. 'ಕೊನೆಯ ಬಾರಿ ತಿದ್ದಿದ್ದು' ಎಂಬ ಸಮಯವನ್ನು ನೋಟಿನ ತಲೆಯಲ್ಲಿ ಬರೆಯುವ ಪ್ಲಗಿನ್‌ಗಳು (ಅಬ್ಸಿಡಿಯನ್ನಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು) ಇನ್ನೂ ಕೆಟ್ಟವು: ಫೈಲ್ ಬಂದಿತೆಂದು ಇಲ್ಲಿ ಸಮಯ ಬದಲಿಸುತ್ತವೆ, ಅದು ಅತ್ತ ಹೋಗಿ ಅಲ್ಲಿ ಬದಲಾಗಿ ಇತ್ತ ಬರುತ್ತದೆ. ಅಂಥ ಪ್ಲಗಿನ್ ಒಂದೇ ಸಾಧನದಲ್ಲಿರಲಿ.

ಎಲ್ಲಕ್ಕಿಂತ ಹೆಚ್ಚು ಬಾಲ ಬೆಳೆಸುವುದು ವಾಲ್ಟಿನೊಳಗೆ ಅಡಗಿರುವ, ಚುಕ್ಕಿಯಿಂದ ಶುರುವಾಗುವ 'ಡಾಟ್ ಅಬ್ಸಿಡಿಯನ್' ಫೋಲ್ಡರು. ಯಾವ ಟ್ಯಾಬ್ ತೆರೆದಿದೆ, ಯಾವ ಪೇನ್ ಎಲ್ಲಿದೆ ಎಂಬುದನ್ನು ಅಬ್ಸಿಡಿಯನ್ ಅಲ್ಲಿನ ವರ್ಕ್‌ಸ್ಪೇಸ್ ಫೈಲಿನಲ್ಲಿ ಹೆಚ್ಚುಕಮ್ಮಿ ಪ್ರತಿ ಕ್ಲಿಕ್ಕಿಗೂ ಬರೆಯುತ್ತಿರುತ್ತದೆ. ಅದನ್ನು ಸಿಂಕ್ ಮಾಡಿ ಪ್ರಯೋಜನವಿಲ್ಲ. ಸಿಂಕ್‌ಥಿಂಗ್‌ನಲ್ಲಿ ಫೋಲ್ಡರ್, ಎಡಿಟ್, ಇಗ್ನೋರ್ ಪ್ಯಾಟರ್ನ್ಸ್ ಎಂದು ಹೋಗಿ ಒಂದು ಸಾಲು ಸೇರಿಸಿ: ಡಾಟ್ ಅಬ್ಸಿಡಿಯನ್ ಫೋಲ್ಡರಿನ ಹೆಸರು, ಓರೆಗೆರೆ, ವರ್ಕ್‌ಸ್ಪೇಸ್ ಎಂಬ ಪದ, ಕೊನೆಗೊಂದು ನಕ್ಷತ್ರ ಚಿಹ್ನೆ. ನಕ್ಷತ್ರದಿಂದಾಗಿ ಮೊಬೈಲಿನ ವರ್ಕ್‌ಸ್ಪೇಸ್ ಫೈಲೂ ಅದರಡಿ ಬಂತು. ಇಲ್ಲಿ ಎಡವುವವರು ಬಹಳ ಮಂದಿ, ಏಕೆಂದರೆ ಈ ಪಟ್ಟಿ ತಾನಾಗಿ ಸಿಂಕ್ ಆಗುವುದಿಲ್ಲ. ಪ್ರತಿ ಸಾಧನದಲ್ಲೂ ಬೇರೆಯಾಗಿ ಬರೆಯಬೇಕು. ಬೇಸರವಾದರೆ ಪಟ್ಟಿಯನ್ನು ವಾಲ್ಟಿನೊಳಗಿನ ಮಾಮೂಲಿ ಫೈಲೊಂದರಲ್ಲಿ ಬರೆದು, ಪ್ರತಿ ಸಾಧನದ ಇಗ್ನೋರ್ ಪಟ್ಟಿಯಲ್ಲಿ ಹ್ಯಾಶ್ ಚಿಹ್ನೆ, ಇನ್‌ಕ್ಲೂಡ್, ಆ ಫೈಲಿನ ಹೆಸರು, ಇಷ್ಟನ್ನು ಒಂದು ಸಾಲಾಗಿ ಹಾಕಿದರೆ ಸಾಕು. ಫೋನಿಗೂ ಲ್ಯಾಪ್‌ಟಾಪಿಗೂ ಥೀಮು, ಪ್ಲಗಿನ್ನು ಪೂರ್ತಿ ಬೇರೆ ಬೇಕೆನ್ನುವವರಿಗೆ ಅಬ್ಸಿಡಿಯನ್ನಿನಲ್ಲೇ ದಾರಿ ಇದೆ: ಸೆಟ್ಟಿಂಗ್ಸ್‌ನಲ್ಲಿ 'ಓವರ್‌ರೈಡ್ ಕಾನ್ಫಿಗ್ ಫೋಲ್ಡರ್' ಎಂಬಲ್ಲಿ ಫೋನಿಗೆ ಚುಕ್ಕಿಯಿಂದ ಶುರುವಾಗುವ ಬೇರೆ ಹೆಸರು ಕೊಡಿ.

ಫೋನಿನಲ್ಲಿ ಸಿಂಕ್ ನಿಂತೇಹೋಯಿತು ಎಂದು ಸಿಂಕ್‌ಥಿಂಗನ್ನು ಬೈಯುವುದು ಅತ್ತೆ ಮೇಲಿನ ಕೋಪವನ್ನು ಕೊತ್ತಿ ಮೇಲೆ ತೀರಿಸಿಕೊಂಡಂತೆ. ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳ ಕತ್ತು ಹಿಸುಕುವುದು ಆಂಡ್ರಾಯ್ಡ್. ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ, ಎಲ್ಲ ಫೈಲ್‌ಗಳಿಗೆ ಅನುಮತಿ ಕೊಡಿ, ಸಿಂಕ್‌ಥಿಂಗಿನ ರನ್ ಕಂಡಿಷನ್ಸ್‌ನಲ್ಲಿ ವೈಫೈ ಮಾತ್ರ, ಚಾರ್ಜಿಂಗ್ ಮಾತ್ರ ಎಂದೇನಾದರೂ ಇದೆಯೇ ನೋಡಿ. ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲೇ ನಿಂತಿದೆ. ಹಳೆಯದನ್ನೇ ಇಟ್ಟುಕೊಂಡವರು ಅದರಿಂದ ಕವಲೊಡೆದ ಸಿಂಕ್‌ಥಿಂಗ್-ಫೋರ್ಕ್‌ಗೆ ದಾಟುವುದು ಒಳ್ಳೆಯದು. ಒಂದೇ ವೈಫೈಯಲ್ಲಿದ್ದೂ ಸಾಧನಗಳು ಪರಸ್ಪರ ಕಾಣದಿದ್ದರೆ ಗೆಸ್ಟ್ ನೆಟ್‌ವರ್ಕ್, ವಿಪಿಎನ್, ಫೈರ್‌ವಾಲ್ ಮೂರನ್ನೂ ಅನುಮಾನಿಸಿ: ಮಾತುಕತೆಗೆ 22000ನೇ ಪೋರ್ಟ್, ಹುಡುಕಲು ಯುಡಿಪಿ 21027 ತೆರೆದಿರಬೇಕು. ಅದೂ ಆಗದಿದ್ದರೆ ರಿಲೇ (ಫೈಲ್ ಇಟ್ಟುಕೊಳ್ಳದೆ ದಾಟಿಸುವ ಸರ್ವರ್) ಮೂಲಕ ಹೋಗುತ್ತದೆ. ನಿಧಾನ ಹೌದು, ಆದರೆ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ, ಬರಿ ಪಠ್ಯದ ನೋಟ್ಸ್‌ಗೆ ನಿಧಾನ ಗೊತ್ತೂ ಆಗುವುದಿಲ್ಲ.

ಅಳಿಸಿದ ನೋಟ್ ಮತ್ತೆ ಎದ್ದು ಬಂದರೆ ಕಾರಣ ಇದು: ಒಂದು ಕಡೆ ಅಳಿಸಿ, ಇನ್ನೊಂದು ಕಡೆ ತಿದ್ದಿದ್ದರೆ, 2025ರ 2.0 ಆವೃತ್ತಿಗಿಂತ ಮೊದಲು ಯಾವಾಗಲೂ ಗೆಲ್ಲುತ್ತಿದ್ದುದು ತಿದ್ದಿದ್ದೇ. ಆಮೇಲಿನ ಆವೃತ್ತಿಗಳಲ್ಲಿ ಅಳಿಸಿದ್ದೂ ಗೆಲ್ಲಬಹುದು, ಆಗ ತಿದ್ದಿದ ಪ್ರತಿ ಕಾನ್‌ಫ್ಲಿಕ್ಟ್ ಫೈಲಾಗಿ ಉಳಿಯುತ್ತದೆ.

'ಔಟ್ ಆಫ್ ಸಿಂಕ್' ಎಂದು ಕೆಲವೇ ಫೈಲ್‌ಗಳು ಸಿಕ್ಕಿಕೊಂಡಿದ್ದರೆ ಆ ಅಂಕಿಯ ಮೇಲೆ ಒತ್ತಿ. ಫೈಲಿನ ಹೆಸರೂ ದೋಷದ ಕಾರಣವೂ ಬರುತ್ತದೆ. ಲಿನಕ್ಸಿನಲ್ಲಿ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ವಿಂಡೋಸ್ ಒಪ್ಪುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರಿಗೆ ಎಡವುವ ಜಾಗ ಇನ್ನೂ ಎರಡಿವೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಗುಣಿತ ಒತ್ತುಗಳನ್ನೂ ಸೇರಿಸಿ. 'ಶಾಸ್ತ್ರೀಯ' ಎಂಬ ಒಂದೇ ಪದ 9 ಸಂಕೇತ, 27 ಬೈಟ್. ಕಾನ್‌ಫ್ಲಿಕ್ಟ್ ಬಾಲ 38 ಬೈಟ್ ತಿನ್ನುತ್ತದೆ, ಹಾಗಾಗಿ ಹೆಸರು 70 ಸಂಕೇತ ಮೀರದಿದ್ದರೆ ಕ್ಷೇಮ. ಇನ್ನೊಂದು, ಕೀ, ಕೇ, ಕೈ, ಕೊ, ಕೋ ಇವುಗಳ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ (ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ) ಒಂದೇ ಸಂಕೇತವಾಗಿಯೂ, ಬಿಡಿಸಿ ಎರಡು ಮೂರು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಸಿಂಕ್‌ಥಿಂಗ್ ಇದನ್ನು ತಾನೇ ಸರಿಪಡಿಸುವ ಆಯ್ಕೆ ಮೊದಲಿಂದಲೇ ಆನ್ ಇರುತ್ತದೆ, ಮುಟ್ಟಬೇಡಿ. ಆದರೂ ಒಂದೇ ಹೆಸರಿನ ಎರಡು ನೋಟ್ ಕಂಡರೆ ಒಂದಕ್ಕೆ ಪೂರ್ತಿ ಹೊಸ ಹೆಸರಿಟ್ಟು ಹೋಲಿಸಿ.

'ಫೋಲ್ಡರ್ ಮಾರ್ಕರ್ ಮಿಸ್ಸಿಂಗ್' ಎಂದು ಬಂದರೆ ಅವಸರ ಬೇಡ. ಡಿಸ್ಕ್ ಕಳಚಿ ಫೋಲ್ಡರ್ ಖಾಲಿ ಕಂಡಾಗ ಎಲ್ಲ ಕಡೆ ಎಲ್ಲವೂ ಅಳಿಯದಂತೆ ತಡೆಯುವ ಗುರುತು ಅದು. ನೋಟ್ಸ್ ನಿಜವಾಗಿಯೂ ಅಲ್ಲೇ ಇವೆಯೇ ಎಂದು ನೋಡಿದ ಮೇಲಷ್ಟೇ ಆ ಗುರುತಿನ ಫೋಲ್ಡರನ್ನು ಮರಳಿ ಮಾಡಿ.

ಫೈಲ್ ವರ್ಷನಿಂಗ್, ಅಂದರೆ ಹಳೆಯ ಪ್ರತಿಗಳನ್ನು ಉಳಿಸಿಡುವ ಸೌಲಭ್ಯ, ಮೊದಲಿಗೆ ಆಫ್ ಇರುತ್ತದೆ, ಇದು ನನ್ನ ದೊಡ್ಡ ತಕರಾರು. ಹಳೆಯದಾದಷ್ಟೂ ವಿರಳವಾಗಿ ಪ್ರತಿ ಉಳಿಸುವ 'ಸ್ಟ್ಯಾಗರ್ಡ್' ಆರಿಸಿ. ಬೇರೆ ಸಾಧನದಿಂದ ಬಂದ ಬದಲಾವಣೆಗೆ ಮಾತ್ರ ಅದು ಹಳೆಯ ಪ್ರತಿ ಇಡುತ್ತದೆ, ಇಲ್ಲೇ ತಿದ್ದಿದ್ದಕ್ಕೆ ಇಡುವುದಿಲ್ಲ. ಆದ್ದರಿಂದ ಕನಿಷ್ಠ ಎರಡು ಸಾಧನಗಳಲ್ಲಿ ಹಾಕಿ.

ಅಬ್ಸಿಡಿಯನ್ನಿನದೇ ಹಣ ಕೊಟ್ಟು ಪಡೆಯುವ ಸಿಂಕ್ ಸೇವೆ ಮಾರ್ಕ್‌ಡೌನ್ (ಅಬ್ಸಿಡಿಯನ್ ಬಳಸುವ ಸರಳ ಪಠ್ಯ ರೂಪ) ನೋಟುಗಳ ಎರಡು ಪ್ರತಿಗಳನ್ನು ಬೆಸೆಯುತ್ತದೆ, ಎರಡೂ ಸಾಧನ ಒಟ್ಟಿಗೆ ಎಚ್ಚರವಿರಬೇಕಿಲ್ಲ. ಆದರೆ ಸ್ಟ್ಯಾಂಡರ್ಡ್ ಯೋಜನೆಯಲ್ಲಿ 5 ಎಂಬಿ ಮೀರಿದ ಫೈಲ್ ಹೋಗುವುದಿಲ್ಲ, ಒಟ್ಟು ಜಾಗ 1 ಜಿಬಿ. ಪಿಡಿಎಫ್, ಆಡಿಯೋ ತುಂಬಿದ ವಾಲ್ಟಿಗೆ ಸಿಂಕ್‌ಥಿಂಗೇ ಸರಿ. ಐಫೋನ್ ಇರುವವರ ಲೆಕ್ಕ ಬೇರೆ. ಮೋಬಿಯಸ್ ಸಿಂಕ್, ಸಿಂಕ್‌ಟ್ರೇನ್ ಎಂಬ ಆ್ಯಪ್‌ಗಳಿವೆ, ಆದರೆ ಐಓಎಸ್ ಅವನ್ನು ಹಿನ್ನೆಲೆಯಲ್ಲಿ ಹೆಚ್ಚು ಹೊತ್ತು ಓಡಲು ಬಿಡುವುದಿಲ್ಲ. ಪ್ರತಿ ಬಾರಿ ಬರೆಯುವ ಮೊದಲೂ ಬರೆದ ಮೇಲೂ ಆ್ಯಪ್ ತೆರೆದು 'ಅಪ್ ಟು ಡೇಟ್' ಬರುವವರೆಗೆ ಕಾಯುವ ತಾಳ್ಮೆ ಇಲ್ಲದಿದ್ದರೆ ಅಬ್ಸಿಡಿಯನ್ನಿನ ಸೇವೆಗೆ ಹಣ ಕೊಡುವುದೇ ಮೇಲು.