ಪೋಂಡಾ–ಹಳೆ ಗೋವಾ ಒಂದು ದಿನದ ಟೂರ್: ಸಫಾ ಮಸೀದಿಗಾಗಿಯಾದರೂ ಹೋಗಿ

ನೆಂಟರು ಬಂದರೆ ಬೀಚು, ಚರ್ಚು, ಮಂಗೇಶಿ ದೇವಸ್ಥಾನ ತೋರಿಸಿ ಕಳಿಸುವುದು ಗೋವಾದ ವಾಸ್ಕೋದಲ್ಲಿರುವ ನಮ್ಮ ಕನ್ನಡದವರ ಮನೆಗಳಲ್ಲಿ ರೂಢಿ. ಈ ಸಲ ವಿಜಯಪುರದಿಂದ ಮಾವ ಬಂದಿದ್ದರು. ಅವರನ್ನು ಬಿಜಾಪುರದ ಸುಲ್ತಾನರ, ಅಂದ್ರೆ ಆದಿಲ್ ಶಾಹಿ ಕಾಲದ ಜಾಗಗಳಿಗೆ ಕರೆದೊಯ್ಯುವ ಒಂದು ಸಣ್ಣ ಟೂರ್‌ಗೆ ಸೇರಿಸಿ ನಾನೂ ಜೊತೆಗೆ ಹೋದೆ. ಗೈಡ್ ಪೋಂಡಾದ ಹುಡುಗ. ಮಾತು ಹಿಂದಿಯಲ್ಲಿ, ಆದರೆ ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ.

ಇಡೀ ಟೂರಿನ ಜೀವ ಅಂದ್ರೆ ಪೋಂಡಾದ ಸಫಾ ಮಸೀದಿ. 1560ರದ್ದು. ಗೋಲ್ ಗುಂಬಜ್ ನೋಡಿ ಬೆಳೆದವರಿಗೆ ಮೊದಲ ನೋಟಕ್ಕೆ ನಂಬಿಕೆಯೇ ಬರುವುದಿಲ್ಲ. ಗುಮ್ಮಟವಿಲ್ಲ, ಮಿನಾರಿಲ್ಲ, ಮೇಲೆ ಇಳಿಜಾರಾದ ಹೆಂಚಿನ ಮಾಡು. "ಇದೇನಪಾ, ಕರಾವಳಿ ಮನಿ ಇದ್ದಂಗ ಐತಲ್ಲ" ಅಂದರು ಮಾವ. ಹುಡುಗ ಆ ಮಾತನ್ನೇ ಹಿಡಿದು ಶುರು ಮಾಡಿದ: ಇಲ್ಲಿ ಸುರಿಯುವ ಮಳೆಗೆ ಹೆಂಚೇ ಸರಿ, ಕೈಗೆ ಸಿಗುವ ಕಲ್ಲು ಚಿರೇಕಲ್ಲು, ಹಾಗಾಗಿ ಬಿಜಾಪುರದವರ ಮಸೀದಿ ಇಲ್ಲಿಗೆ ಬಂದು ಕೊಂಕಣದ ವೇಷ ತೊಟ್ಟಿತು ಅಂತ. ಪಕ್ಕದ ಕಲ್ಯಾಣಿಯನ್ನು ಸುಮ್ನೆ ಮೇಲಿಂದ ನೋಡಿ ಬರಬೇಡಿ. ಮೆಟ್ಟಿಲಿಳಿದು ಹೋದರೆ ಗೋಡೆಯುದ್ದಕ್ಕೂ ಮಿಹ್ರಾಬ್ (ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಗೂಡು) ಆಕಾರದ ಗೂಡುಗಳು, ಮೊನಚು ಕಮಾನು, ಕೆಂಪು ಕಲ್ಲಿನ ಮೇಲೆ ಪಾಚಿ. ದೇವಸ್ಥಾನದ ಕಲ್ಯಾಣಿ ನೋಡಿದವರಿಗೆ ಮೆಟ್ಟಿಲು, ನೀರು ಎಲ್ಲಾ ಪರಿಚಿತ, ಗೂಡುಗಳು ಮಾತ್ರ ಬೇರೆ.

ಅಲ್ಲೇ ಕೂರಿಸಿ ಆತ ಹೇಳಿದ ಇನ್ನೊಂದು ವಿಷಯ ನನ್ನನ್ನು ಬಹಳ ತಟ್ಟಿತು. ಆ ಕಡೆ ಪೋರ್ತುಗೀಜರು ದೇವಸ್ಥಾನಗಳನ್ನು ಕೆಡವುತ್ತಿದ್ದಾಗ, ಅದೇ 1560ರಲ್ಲಿ, ಕುಶಸ್ಥಳಿಯಿಂದ ಮಂಗೇಶನ ಲಿಂಗವನ್ನು ಭಕ್ತರು ಜುವಾರಿ ನದಿ ದಾಟಿಸಿ, ಈಗ ಮಂಗೇಶಿ ದೇವಸ್ಥಾನವಿರುವ ಪ್ರಿಯೋಳಕ್ಕೆ ತಂದರು. ಪೋಂಡಾ ಸೀಮೆ ಆಗ ಬಿಜಾಪುರದ ಆಳ್ವಿಕೆಯಲ್ಲಿತ್ತು, ಪೋರ್ತುಗೀಜರ ಕೈ ಇಲ್ಲಿಗೆ ಚಾಚಿರಲಿಲ್ಲ. ಒಂದೇ ಸೀಮೆಯಲ್ಲಿ, ಒಂದೇ ವರ್ಷ, ಮಸೀದಿಯೂ ಎದ್ದಿತು, ದೇವರಿಗೂ ನೆಲೆ ಸಿಕ್ಕಿತು. ಮಂಗೇಶಿಗೆ ಹೋಗಿ ಕೈಮುಗಿದು ಬರುವ ನಮ್ಮವರಿಗೆ ಇದು ಗೊತ್ತಿರಬೇಕು ಅಲ್ವಾ?

ಹಳೆ ಗೋವಾದಲ್ಲಿ ಆದಿಲ್ ಶಾಹನ ಅರಮನೆಯದ್ದು ಉಳಿದಿರುವುದು ಒಂದು ಬಾಗಿಲು ಮಾತ್ರ. 1510ರಲ್ಲಿ ಪೋರ್ತುಗೀಜ್ ದಂಡನಾಯಕ ಅಲ್ಬುಕರ್ಕ್ ಊರು ಗೆದ್ದ ಮೇಲೆ ಅರಮನೆ ಪೋರ್ತುಗೀಜರ ಪಾಲಾಯಿತು, ಕೊನೆಗೆ ನೆಲಸಮವಾಯಿತು. ಉಳಿದ ಕಪ್ಪು ಕಲ್ಲಿನ ಕೆತ್ತನೆ ದೇವಸ್ಥಾನದ ಬಾಗಿಲವಾಡದ ಹಾಗೇ ಇದೆ. ಚರ್ಚ್ ನೋಡಲು ಬಂದ ಬಸ್ಸುಗಳ ಜನ ಅದರ ಪಕ್ಕದಲ್ಲೇ ಹೋಗುತ್ತಾರೆ, ನಿಂತು ನೋಡುವವರು ಕಡಿಮೆ.

ಬೇಜಾರಾಗಿದ್ದು ಪಣಜಿಯಲ್ಲಿ. ಮಾಂಡೋವಿ ದಂಡೆಯ ಆದಿಲ್ ಶಾಹಿ ಅರಮನೆ, 1759ರಿಂದ ಪೋರ್ತುಗೀಜ್ ವೈಸರಾಯ್‌ಗಳು ವಾಸವಿದ್ದ ಕಟ್ಟಡ, ಮುಂದೆ ಗೋವಾ ವಿಧಾನಸಭೆ ನಡೆದಿದ್ದೂ ಅಲ್ಲೇ. ಅಷ್ಟು ಕಥೆಯಿರುವ ಜಾಗವನ್ನು ರಸ್ತೆಯಾಚೆಯಿಂದ ತೋರಿಸಿ ಮುಗಿಸಿದರು. ದುಡ್ಡು ಸ್ವಲ್ಪ ಜಾಸ್ತಿ ತಗೊಳ್ಳುವವರು ಅಲ್ಲಿಗೂ ಸರಿಯಾಗಿ ಸಮಯ ಕೊಡಬೇಕು. ಬುಕ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ.

ಮಳೆಗಾಲ ಮುಗಿದ ಕೂಡಲೇ ಹೋದರೆ ಚೆನ್ನ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬೇಡ. ಕಲ್ಯಾಣಿಯ ಮೆಟ್ಟಿಲು ಜಾರುತ್ತದೆ, ಹಿರಿಯರಿದ್ದರೆ ಕೈಹಿಡಿದು ಇಳಿಸಿ.